ಕೈತೋಟವೂ ಮನಶ್ಶಾಂತಿಯೂ

ಮೂರು ವರ್ಷಗಳ ಹಿಂದೆ ಪ್ರಥಮ ಪಿ.ಯು.ಸಿ. ತರಗತಿಯಲ್ಲಿ ದ್ರವಗಳ ಮೇಲ್ಮೈ ಎಳೆತವನ್ನು ಕುರಿತು ಪಾಠ ಮಾಡುತ್ತಿದ್ದಾಗ, ಕೆಸುವಿನ ಎಲೆಯ ಮೇಲೆ ನೀರು ಹರಡದೆ ಗುಂಡಗಾಗಿ ಉರುಳುವುದನ್ನು ನಾವು ಉದಾಹರಣೆಯಾಗಿ ಹೇಳಿದೆವು. ಪಾಠ ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಬಂದು ಒಂದು ಪ್ರಶ್ನೆ ಕೇಳಿದಳು. “ಸಾರ್, ನಮ್ಮ ಅಜ್ಜಿ ಬೆಳಿಗ್ಗೆ ಎದ್ದವರೇ ಹಿತ್ತಲಿಗೆ ಹೋಗುತ್ತಾರೆ. ಒಂದು ಗಂಟೆ ಕಳೆದರೂ ಒಳಗೆ ಬರುವುದಿಲ್ಲ. ಬಂದಾಗ ಅವರ ಮುಖ ದೇವಸ್ಥಾನಕ್ಕೆ ಹೋಗಿಬಂದವರ ಹಾಗೆ ಇರುತ್ತದೆ. ಇದಕ್ಕೂ ವಿಜ್ಞಾನದಲ್ಲಿ ಕಾರಣ ಇದೆಯೇ?” ನಾವು ನಕ್ಕು, ಅದು ಮನಶ್ಶಾಸ್ತ್ರದವರನ್ನು ಕೇಳಬೇಕಾದ ಪ್ರಶ್ನೆಯೆಂದು ಹೇಳಿ ಕಳುಹಿಸಿಬಿಟ್ಟೆವು. ಉತ್ತರ ತಿಳಿಯದಿದ್ದಾಗ ಅಧ್ಯಾಪಕರು ಹೀಗೆ ಮಾಡುವುದುಂಟು.

ಅದೇ ವರ್ಷ ಫಾಲ್ಗುಣ ಮಾಸದಲ್ಲಿ ನಮ್ಮ ತಾಯಿಯವರು ತೀರಿಕೊಂಡರು. ಮನೆಯೊಳಗಿನ ಕೆಲಸಗಳನ್ನು ಹೇಗೋ ಹಂಚಿಕೊಂಡದ್ದಾಯಿತು. ಹಿತ್ತಲು ಮಾತ್ರ ಯಾರ ಪಾಲಿಗೂ ಬರದೆ ಉಳಿಯಿತು. ಬೇಸಗೆಯ ಬಿಸಿಲಿಗೆ ಕಟ್ಟೆಯ ತುಳಸಿ ಬಾಡತೊಡಗಿದಾಗ, ಬೇರೆ ದಾರಿ ಕಾಣದೆ, ನಾವೇ ಚೆಂಬು ಹಿಡಿದು ಹೊರಟೆವು. ಆ ಹುಡುಗಿಯ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿದುದು ತಪ್ಪಾಯಿತೆಂಬುದು ಕೆಲವೇ ವಾರಗಳಲ್ಲಿ ನಮಗೆ ಮನವರಿಕೆಯಾಯಿತು. ಅಂದು ಅವಳಿಗೆ ಕೊಡದೆ ಉಳಿಸಿಕೊಂಡ ಉತ್ತರವನ್ನು ಇಲ್ಲಿ ತರುಣ ವಾಚಕರ ಮುಂದಿಡುತ್ತಿದ್ದೇವೆ.

ನಮ್ಮ ಊರು ತಾಳಗುಪ್ಪ, ಸಾಗರ ತಾಲ್ಲೂಕಿಗೆ ಸೇರಿದುದು. ಶಿವಮೊಗ್ಗದಿಂದ ಬರುವ ರೈಲುದಾರಿ ಇಲ್ಲಿಗೆ ಮುಗಿಯುತ್ತದೆ. ಜೋಗವನ್ನು ನೋಡಬಂದವರು ಇಲ್ಲಿ ಇಳಿದು, ಮುಂದಿನ ಸುಮಾರು ಹದಿನೈದು ಕಿಲೋಮೀಟರು ದೂರವನ್ನು ರಸ್ತೆಯಲ್ಲಿ ಸಾಗುತ್ತಾರೆ. ಹಾಗೆ ಅವಸರದಿಂದ ಹೋಗುವವರು ಕಾಣದೆ ಬಿಡುವುದು ಇಲ್ಲಿನ ಮನೆಗಳ ಹಿತ್ತಲುಗಳನ್ನು. ಬಚ್ಚಲ ನೀರು ಹರಿದುಹೋಗುವಲ್ಲಿ ಕೆಸುವೂ ಬಾಳೆಯೂ, ಬೇಲಿಗೆ ದಾಸವಾಳ, ಚಪ್ಪರಕ್ಕೆ ಬಸಳೆ, ಅಂಗಳದ ಅಂಚಿಗೆ ಸಾಲಾಗಿ ಡೇರೆ, ನಾಲ್ಕಾರು ಅಡಿಕೆಯ ಮರ, ಅವುಗಳಲ್ಲಿ ಒಂದೆರಡಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ಮಧ್ಯದಲ್ಲಿ ತುಳಸಿಕಟ್ಟೆ. ಇದನ್ನು ಯಾರೂ ನಕ್ಷೆ ಬರೆದು ಮಾಡಿದುದಲ್ಲ. ನೆಂಟರ ಮನೆಯಿಂದ ಬಂದ ಒಂದೊಂದು ಕಡ್ಡಿ, ಒಂದೊಂದು ಗೆಡ್ಡೆ ಸೇರಿ ಆದುದು. ಆ ಕಾರಣದಿಂದ ಹಿತ್ತಲೆಂಬುದು ಒಂದು ಮನೆಯ ಬಂಧುಬಳಗದ ಲೆಕ್ಕದ ಪುಸ್ತಕವೂ ಹೌದು.

ಏಪ್ರಿಲ್ ತಿಂಗಳ ಕೊನೆಯ ಒಂದು ಸಂಜೆ ಮೊದಲ ಮಳೆ ಬಂದಿತು. ಹತ್ತು ನಿಮಿಷದ ಮಳೆ. ಒಣಗಿದ ಮಣ್ಣಿನಿಂದ ಎದ್ದ ವಾಸನೆಗೆ, ಏಳು ವಾರಗಳಿಂದ ಬಿಗಿದುಕೊಂಡಿದ್ದ ನಮ್ಮ ಎದೆ ಸಡಿಲವಾದುದು ನಮಗೇ ಆಶ್ಚರ್ಯವನ್ನುಂಟುಮಾಡಿತು. ಆ ವಾಸನೆಯ ಚರಿತ್ರೆ ಸ್ವಾರಸ್ಯವಾದುದು. ಆಸ್ಟ್ರೇಲಿಯದ ವಿಜ್ಞಾನಿಗಳಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬವರು ೧೯೬೪ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದಕ್ಕೆ ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ಒಣಹವೆಯಲ್ಲಿ ಮಣ್ಣು ಮತ್ತು ಕಲ್ಲುಗಳು ಹೀರಿಕೊಂಡಿರುವ ಒಂದು ಬಗೆಯ ತೈಲವನ್ನು ಅವರು ಬೇರ್ಪಡಿಸಿದ್ದರು. ಆದರೆ ಉತ್ತರಪ್ರದೇಶದ ಕನೌಜಿನ ಅತ್ತರಿನವರು ಇದೇ ಪರಿಮಳವನ್ನು ಸುಟ್ಟ ಮಣ್ಣಿನಿಂದ ಭಟ್ಟಿ ಇಳಿಸಿ ‘ಮಿಟ್ಟಿ ಅತ್ತರ್’ ಎಂದು ಅದಕ್ಕೂ ಮೊದಲೇ ಮಾರುತ್ತಿದ್ದರು. ಈ ವಾಸನೆಯ ಇನ್ನೊಂದು ಮುಖ್ಯ ಅಂಶ ‘ಜಿಯೋಸ್ಮಿನ್’. ಅದನ್ನು ತಯಾರಿಸುವುದು ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಮೊದಲಾದ ಸೂಕ್ಷ್ಮಜೀವಿಗಳು. ಗಾಳಿಯ ಸಾವಿರಕೋಟಿ ಭಾಗಗಳಲ್ಲಿ ಅದು ಕೆಲವೇ ಭಾಗಗಳಷ್ಟಿದ್ದರೂ ಮನುಷ್ಯನ ಮೂಗು ಗುರುತಿಸಬಲ್ಲದು.

ಅದು ಮಣ್ಣಿನಿಂದ ಮೂಗಿಗೆ ಬರುವ ಬಗೆಯನ್ನು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಸಂಶೋಧಕರು ೨೦೧೫ರಲ್ಲಿ ಅತಿವೇಗದ ಕ್ಯಾಮೆರಾದಿಂದ ಚಿತ್ರಿಸಿ ತೋರಿಸಿದರು. ಹನಿಯು ಸಣ್ಣ ರಂಧ್ರಗಳುಳ್ಳ ನೆಲಕ್ಕೆ ಬಿದ್ದಾಗ ಅದರ ತಳದಲ್ಲಿ ಗಾಳಿಯ ಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ. ಅವು ಸೋಡಾದ ಗುಳ್ಳೆಗಳಂತೆ ಹನಿಯೊಳಗೆ ಮೇಲೇರಿ ಒಡೆದು, ನೆಲದ ವಾಸನೆಯನ್ನು ಹೊತ್ತ ಅತಿಸೂಕ್ಷ್ಮ ತುಂತುರನ್ನು ಗಾಳಿಗೆ ಚಿಮ್ಮುತ್ತವೆ. ಭಾರೀ ಮಳೆಗಿಂತ ಹಗುರವಾದ ಮಳೆಯಲ್ಲಿ ಈ ಕ್ರಿಯೆ ಹೆಚ್ಚು. ಆಷಾಢದ ಜಡಿಮಳೆಗಿಲ್ಲದ ಪರಿಮಳ ಮೊದಲ ಮಳೆಗೆ ಏಕಿದೆಯೆಂಬುದಕ್ಕೆ ಇದೂ ಒಂದು ಕಾರಣ. ಇನ್ನು ಮೂಗಿನ ನರಗಳಿಗೆ, ಮಿದುಳಿನಲ್ಲಿ ನೆನಪು ಮತ್ತು ಭಾವಗಳಿಗೆ ಸಂಬಂಧಿಸಿದ ಭಾಗಗಳೊಡನೆ ಉಳಿದ ಇಂದ್ರಿಯಗಳಿಗಿಂತ ನೇರವಾದ ಸಂಪರ್ಕವಿದೆ. ಆ ಸಂಜೆ ನಮಗೆ ನೆನಪಾದುದು, ಮೊದಲ ಮಳೆಯ ಮರುದಿನವೇ ಡೇರೆಯ ಗೆಡ್ಡೆಯ ಬುಟ್ಟಿಯನ್ನು ಹೊರತೆಗೆಯುತ್ತಿದ್ದ ನಮ್ಮ ತಾಯಿಯವರು.

ಬುಟ್ಟಿ ಕೊಟ್ಟಿಗೆಯ ಅಟ್ಟದ ಮೇಲೆ ಹಾಗೆಯೇ ಇತ್ತು. ಒಣಮಣ್ಣು ಬೂದಿಗಳಲ್ಲಿ ಹುದುಗಿದ್ದ ಗೊಂಚಲುಗಳನ್ನು ತೆಗೆದು, ಭೌತವಿಜ್ಞಾನದವರ ಅಚ್ಚುಕಟ್ಟಿನಿಂದ, ಒಂದೊಂದು ಗೆಡ್ಡೆಯನ್ನೂ ಬಿಡಿಸಿ, ಸಮಾನ ಅಂತರದಲ್ಲಿ ನೆಟ್ಟೆವು. ಮೂರು ವಾರಗಳಾದರೂ ಹೆಚ್ಚಿನವು ಚಿಗುರಲಿಲ್ಲ. ನೆರೆಮನೆಯ ಹಿರಿಯರೊಬ್ಬರು ಬೇಲಿಯಾಚೆಯಿಂದ ನೋಡಿ, “ತಮ್ಮಾ, ಕಣ್ಣಿರುವುದು ಗೆಡ್ಡೆಯಲ್ಲಲ್ಲ, ಕುತ್ತಿಗೆಯಲ್ಲಿ” ಎಂದರು. ಆಲೂಗೆಡ್ಡೆಯ ಮೈಮೇಲೆಲ್ಲ ಕಣ್ಣುಗಳಿರುತ್ತವೆ, ಏಕೆಂದರೆ ಅದು ಮಾರ್ಪಟ್ಟ ಕಾಂಡ. ಡೇರೆಯದಾದರೋ ಆಹಾರವನ್ನು ತುಂಬಿಕೊಂಡು ಉಬ್ಬಿದ ಬೇರು. ಹಳೆಯ ಕಾಂಡದ ಬುಡ ಸ್ವಲ್ಪವಾದರೂ ಅದಕ್ಕೆ ಅಂಟಿರದಿದ್ದರೆ ಮೊಳಕೆಗೆ ಎಡೆಯೇ ಇಲ್ಲ. ತಾಯಿಯವರು ಇಪ್ಪತ್ತು ವರ್ಷ ಕಾಪಾಡಿಕೊಂಡು ಬಂದಿದ್ದ ಹಳದಿಯ ದೊಡ್ಡ ಜಾತಿಯೊಂದು ನಮ್ಮ ಅಚ್ಚುಕಟ್ಟಿನಿಂದಾಗಿ ಹೋಯಿತು. ಅಂದು ರಾತ್ರಿ ಊಟ ಸೇರಲಿಲ್ಲವೆಂದು ಹೇಳಲು ನಾಚಿಕೆಯೇನೂ ಇಲ್ಲ. ಕೈತೋಟ ಮನಸ್ಸಿಗೆ ಶಾಂತಿಯನ್ನು ಕೊಡುತ್ತದೆಂದು ಬರೆಯುವವರು ಇಂಥದನ್ನು ಬಿಟ್ಟು ಬರೆಯಬಾರದು.

ಉಳಿದವುಗಳನ್ನಾದರೂ ಉಳಿಸಿಕೊಳ್ಳಬೇಕೆಂದು ದಿನವೂ ನಸುಕಿನಲ್ಲಿಯೇ ಹಿತ್ತಲಿಗೆ ಹೋಗುವ ಅಭ್ಯಾಸವಾಯಿತು. ಹಾಗೆ ಹೋದಾಗ ಮೊದಲು ಕಣ್ಣಿಗೆ ಬಿದ್ದುದು, ತರಗತಿಯಲ್ಲಿ ಎಷ್ಟೋ ಸಲ ಹೆಸರಿಸಿದ್ದರೂ ಒಮ್ಮೆಯೂ ನಿಂತು ನೋಡಿರದ ಕೆಸು. ಅದರ ಎಲೆಯ ಮೇಲ್ಮೈಯಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗುಬುಟುಗಳೂ ಅವುಗಳ ಮೇಲೆ ಇನ್ನೂ ಸಣ್ಣ ಮೇಣದ ಹರಳುಗಳೂ ಇವೆ. ಹನಿಯು ಗುಬುಟುಗಳ ತುದಿಯನ್ನು ಮಾತ್ರ ಮುಟ್ಟಿ ನಿಲ್ಲುತ್ತದೆ. ಕೆಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಹೀಗಾಗಿ ನೀರು ಎಲೆಯೊಡನೆ ಮಾಡುವ ಸ್ಪರ್ಶಕೋನ ಸುಮಾರು ೧೫೦ ಡಿಗ್ರಿಯನ್ನೂ ಮೀರುತ್ತದೆ, ಹನಿ ಗೋಲಿಯಂತೆ ಉರುಳುತ್ತದೆ, ಉರುಳುವಾಗ ಧೂಳನ್ನೂ ಹೊತ್ತುಕೊಂಡು ಹೋಗುತ್ತದೆ. ಜರ್ಮನಿಯ ಬಾರ್ಟ್‌ಲಾಟ್ ಮತ್ತು ನೈನ್‌ಹೂಯಿಸ್ ಎಂಬ ಸಸ್ಯವಿಜ್ಞಾನಿಗಳು ೧೯೯೭ರಲ್ಲಿ ತಾವರೆ, ಕೆಸು ಮುಂತಾದವುಗಳ ಎಲೆಗಳನ್ನು ಪರೀಕ್ಷಿಸಿ ಇದನ್ನು ವಿವರಿಸಿದರು. ತಮ್ಮ ಪ್ರಬಂಧದ ಶೀರ್ಷಿಕೆಯಲ್ಲಿ ಅವರು ತಾವರೆಯನ್ನು ‘ಪವಿತ್ರ’ವೆಂದೇ ಕರೆದಿದ್ದಾರೆ.

ಆದರೆ ನಸುಕಿನಲ್ಲಿ ಕೆಸುವಿನ ಎಲೆಯ ತುದಿಯಲ್ಲಿ ತೂಗಾಡುವ ಹನಿ ಬೇರೆಯೇ. ಬಹುಮಂದಿ ಅದನ್ನು ಇಬ್ಬನಿಯೆಂದು ತಿಳಿಯುತ್ತಾರೆ. ನಾವೂ ಹಾಗೆಯೇ ತಿಳಿದಿದ್ದೆವು. ಇಬ್ಬನಿಯಾಗಿದ್ದರೆ ಅದು ಎಲೆಯ ಮೈಮೇಲೆಲ್ಲ ಕಾಣಬೇಕಷ್ಟೆ? ರಾತ್ರಿ ಗಾಳಿಯಲ್ಲಿ ತೇವ ತುಂಬಿರುವಾಗ ಎಲೆಯಿಂದ ನೀರು ಆವಿಯಾಗಿ ಹೋಗುವುದು ಹೆಚ್ಚುಕಡಿಮೆ ನಿಂತುಹೋಗುತ್ತದೆ. ಬೇರು ಮಾತ್ರ ಲವಣಗಳನ್ನು ಒಳಗೆಳೆದುಕೊಳ್ಳುತ್ತಲೇ ಇರುತ್ತದೆ, ಅವುಗಳ ಹಿಂದೆ ನೀರೂ ನುಗ್ಗುತ್ತದೆ. ಹೀಗೆ ಬೇರಿನಲ್ಲಿ ಹುಟ್ಟುವ ಒತ್ತಡ ನೀರನ್ನು ಮೇಲಕ್ಕೆ ತಳ್ಳಿ, ಎಲೆಯ ತುದಿಯಲ್ಲಿರುವ ವಿಶೇಷ ರಂಧ್ರಗಳ ಮೂಲಕ ಹನಿಹನಿಯಾಗಿ ಹೊರಹಾಕುತ್ತದೆ. ಇದಕ್ಕೆ ಬಿಂದುಸ್ರಾವವೆಂದು ಹೆಸರು. ಪರೀಕ್ಷಿಸಬೇಕೆನ್ನುವವರು ರಾತ್ರಿ ಒಂದು ಎಲೆಗೆ ಪ್ಲಾಸ್ಟಿಕ್ ಚೀಲವನ್ನು ಸಡಿಲವಾಗಿ ಕಟ್ಟಿಡಲಿ. ಆಕಾಶಕ್ಕೆ ತೆರೆದುಕೊಂಡು ತಣ್ಣಗಾಗುವ ವಸ್ತುವಿನ ಮೇಲೆ ಇಬ್ಬನಿ ಕೂರುತ್ತದೆ. ಮುಚ್ಚಿದ ಎಲೆಗೆ ಅದು ದೊರೆಯದು. ತುದಿಯ ಹನಿ ಮಾತ್ರ ತಪ್ಪದೆ ಬಂದಿರುತ್ತದೆ. ಮಳೆಗಾಲದ ಒಂದು ಮುಂಜಾನೆ ಗಡಿಯಾರ ಹಿಡಿದು ಒಂದು ಎಲೆಯ ಹನಿಗಳನ್ನು ಎಣಿಸಿದೆವು: ನಿಮಿಷಕ್ಕೆ ಹತ್ತು ಹನ್ನೆರಡು. ಕಾಲು ಗಂಟೆ ಎಣಿಸಿ ಎದ್ದಾಗ, ಆ ಕಾಲು ಗಂಟೆಯಲ್ಲಿ ನಾವು ಬೇರೆ ಯಾವುದನ್ನೂ ಯೋಚಿಸಿರಲಿಲ್ಲವೆಂಬುದು ಹೊಳೆಯಿತು. ತಾಯಿಯವರು ಹೋದ ಮೇಲೆ ಅಂಥ ಕಾಲು ಗಂಟೆ ನಮಗೆ ದೊರೆತಿದ್ದುದು ಅದೇ ಮೊದಲು.

ಹಿತ್ತಲಿನ ಮೂಲೆಯಲ್ಲಿ, ನಾವು ಹುಟ್ಟಿದ ವರ್ಷ ತಾಯಿಯವರು ನೆಟ್ಟ ಒಂದು ಅಡಿಕೆಯ ಮರವಿದೆ. ಈಗ ಅದರ ಎತ್ತರ ಸುಮಾರು ಐವತ್ತು ಅಡಿ. ಜೋಗದಲ್ಲಿ ಶರಾವತಿ ೮೩೦ ಅಡಿ ಕೆಳಕ್ಕೆ ಧುಮುಕುವುದನ್ನು ನೋಡಲು ದೇಶದೇಶಗಳಿಂದ ಜನ ಬರುತ್ತಾರೆ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾದ ಮೇಲೆ ಬೇಸಗೆಯಲ್ಲಿ ಆ ನೋಟ ತೆಳ್ಳಗಾಗಿದೆ, ಆದರೂ ಬರುತ್ತಾರೆ. ನೀರು ಕೆಳಗೆ ಬೀಳುವುದರಲ್ಲಿ ಭೌತವಿಜ್ಞಾನಕ್ಕೆ ಕಷ್ಟವಾದುದೇನೂ ಇಲ್ಲ. ಅದು ಐವತ್ತು ಅಡಿ ಮೇಲಕ್ಕೆ, ಸದ್ದಿಲ್ಲದೆ, ಯಾವ ಪಂಪೂ ಇಲ್ಲದೆ ಏರುವುದು ಕಷ್ಟದ ವಿಷಯ. ಅದನ್ನು ನೋಡಲು ಯಾರೂ ರೈಲು ಹತ್ತಿ ಬರುವುದಿಲ್ಲ.

ಲೆಕ್ಕ ಹಾಕೋಣ. ವಾಯುಮಂಡಲದ ಒತ್ತಡ ನೀರನ್ನು ಸುಮಾರು ೩೪ ಅಡಿ, ಎಂದರೆ ೧೦.೩ ಮೀಟರಿನವರೆಗೆ ಮಾತ್ರ ಎತ್ತಿ ನಿಲ್ಲಿಸಬಲ್ಲದು. ಬಾವಿಯ ಮೇಲಿಟ್ಟ ಹೀರುವ ಪಂಪು ಅದಕ್ಕಿಂತ ಆಳದಿಂದ ನೀರೆತ್ತಲಾರದು. ಹಾಗಾದರೆ ಬತ್ತಿಯಲ್ಲಿ ಎಣ್ಣೆ ಏರುವಂತೆ ಕೇಶನಾಳದ ಕ್ರಿಯೆಯಿಂದ ನೀರು ಏರುತ್ತಿರಬಹುದೇ? ಮರದ ನೀರ್ನಾಳದ ಅಗಲ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗವೆಂದಿಟ್ಟುಕೊಂಡರೆ ಅದರಲ್ಲಿ ನೀರು ಏರಬಹುದಾದುದು ೩೦ ಸೆಂಟಿಮೀಟರು, ಒಂದು ಅಡಿಯಾಯಿತು. ಬೇರಿನ ಒತ್ತಡ ಕೆಸುವಿಗೆ ಸಾಕು, ಮರಕ್ಕೆ ಸಾಲದು. ಮೇಲಾಗಿ ನೀರು ಅತಿ ಹೆಚ್ಚಾಗಿ ಬೇಕಾದ ಬಿಸಿಲಿನ ಹೊತ್ತಿನಲ್ಲಿ ಆ ಒತ್ತಡ ಇರುವುದೇ ಇಲ್ಲ.

ಈ ಪ್ರಶ್ನೆಯನ್ನು ಮೊದಲು ತೂಕದ ತಕ್ಕಡಿಗೆ ತಂದವರು ಇಂಗ್ಲೆಂಡಿನ ಟೆಡಿಂಗ್ಟನ್ ಎಂಬ ಊರಿನ ಪಾದ್ರಿಯಾಗಿದ್ದ ಸ್ಟೀಫನ್ ಹೇಲ್ಸ್. ಕುಂಡದಲ್ಲಿ ಬೆಳೆದ ಒಂದು ಸೂರ್ಯಕಾಂತಿಯ ಗಿಡವನ್ನು, ಮಣ್ಣಿನಿಂದ ನೀರಾರದಂತೆ ಕುಂಡದ ಬಾಯನ್ನು ಮುಚ್ಚಿ, ಅವರು ಬೆಳಿಗ್ಗೆ ಸಂಜೆ ತೂಗುತ್ತ ಹೋದರು. ಹಗಲೊಂದರಲ್ಲಿ ಅದು ಸರಾಸರಿ ೨೦ ಔನ್ಸು, ಎಂದರೆ ಅರ್ಧ ಕಿಲೋಗ್ರಾಮಿಗೂ ಮಿಕ್ಕ ನೀರನ್ನು ಎಲೆಗಳ ಮೂಲಕ ಹೊರಬಿಡುತ್ತಿತ್ತು. ೧೭೨೭ರಲ್ಲಿ ಅವರ ಗ್ರಂಥ ಪ್ರಕಟವಾಯಿತು. ಬೆಳಗಿನ ಪ್ರಾರ್ಥನೆಗೂ ತಕ್ಕಡಿಗೂ ಆ ಪಾದ್ರಿಗೆ ವಿರೋಧ ಕಂಡಂತಿಲ್ಲ. ಈ ಪ್ರಯೋಗವನ್ನು ಇಂದಿನ ವಿದ್ಯಾರ್ಥಿಗಳು ಅಡಿಗೆಮನೆಯ ತಕ್ಕಡಿಯಿಂದಲೇ ಮಾಡಿ ನೋಡಬಹುದು.

ನೀರು ಏರುವ ಬಗೆಯನ್ನು ತಿಳಿಸಿದವರು ಐರ್ಲೆಂಡಿನ ಡಬ್ಲಿನ್ನಿನ ಡಿಕ್ಸನ್ ಮತ್ತು ಜೋಲಿ, ವರ್ಷ ೧೮೯೪. ಅವರ ಪ್ರಕಾರ ನೀರನ್ನು ಕೆಳಗಿನಿಂದ ಯಾರೂ ತಳ್ಳುವುದಿಲ್ಲ, ಮೇಲಿನಿಂದ ಎಳೆಯಲಾಗುತ್ತದೆ. ಎಲೆಯೊಳಗಿನ ಜೀವಕೋಶಗಳ ಗೋಡೆಯಲ್ಲಿ ಮಿಲಿಮೀಟರಿನ ಹತ್ತು ಲಕ್ಷದ ಕೆಲವು ಭಾಗಗಳಷ್ಟೇ ಅಗಲವಾದ ಎಡೆಗಳಿವೆ. ಬಿಸಿಲಿಗೆ ಅಲ್ಲಿನ ನೀರು ಆರಿದಾಗ ಉಳಿದ ನೀರಿನ ಮೇಲ್ಮೈ ಒಳಕ್ಕೆ ಬಾಗುತ್ತದೆ. ಮೇಲ್ಮೈ ಎಳೆತದ ಸೂತ್ರವನ್ನು ಬಲ್ಲ ವಿದ್ಯಾರ್ಥಿಗಳು ಲೆಕ್ಕ ಮಾಡಲಿ: ಅಷ್ಟು ಕಿರಿದಾದ ಎಡೆಯಲ್ಲಿ ಬಾಗಿದ ಮೇಲ್ಮೈ ನೂರಾರು ವಾಯುಮಂಡಲಗಳಷ್ಟು ಎಳೆತವನ್ನು ತಡೆದು ನಿಲ್ಲಬಲ್ಲದು. ನಮ್ಮ ಅಡಿಕೆಮರದಲ್ಲಿ ಗುರುತ್ವವನ್ನು ಗೆಲ್ಲಲು ಬೇಕಾದುದು ಒಂದೂವರೆ ವಾಯುಮಂಡಲ. ನಾಳಗಳ ಘರ್ಷಣೆಗೆಂದು ಇನ್ನಷ್ಟು ಸೇರಿಸಿದರೂ ಬೇಕಾದಷ್ಟು ಮಿಗುತ್ತದೆ. ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಹಿಡಿದುಕೊಂಡಿರುವುದರಿಂದ, ತುದಿಯಲ್ಲಿ ಎಳೆದುದು ಸರಪಣಿಯನ್ನೆಳೆದಂತೆ ಬೇರಿನವರೆಗೂ ತಲುಪುತ್ತದೆ. ಕೆಸುವಿನ ಹನಿಯನ್ನು ಗುಂಡಗಾಗಿಸುವ ಬಲವೂ ಅಡಿಕೆಯ ಸೋಗೆಗೆ ನೀರುಣಿಸುವ ಬಲವೂ ಒಂದೇ. ಇಪ್ಪತ್ತು ಹೆಜ್ಜೆಗಳ ಅಂತರದಲ್ಲಿರುವ ಎರಡು ಗಿಡಗಳಲ್ಲಿ ಇದನ್ನು ಕಂಡ ದಿನ ನಮಗೆ ಆದ ಸಂತೋಷಕ್ಕೆ ಹೆಸರಿಡಲಾರೆವು.

ಅಡಿಕೆಯಲ್ಲಿ ಇನ್ನೊಂದು ವಿಶೇಷವಿದೆ. ಮಾವು ಹಲಸುಗಳ ಕಾಂಡ ವರ್ಷವರ್ಷವೂ ದಪ್ಪವಾಗಿ ಹೊಸ ನೀರ್ನಾಳಗಳನ್ನು ಸೇರಿಸಿಕೊಳ್ಳುತ್ತದೆ, ಹಳೆಯವು ಕೆಲಸ ಬಿಟ್ಟರೂ ನಡೆಯುತ್ತದೆ. ತಾಳೆಯ ಜಾತಿಯ ಮರಗಳಿಗೆ ಈ ಸೌಲಭ್ಯವಿಲ್ಲ. ಕಾಂಡದ ಯಾವುದೇ ಭಾಗದಲ್ಲಿ ಒಮ್ಮೆ ರೂಪುಗೊಂಡ ನಾಳಗಳೇ ಮರದ ಆಯುಷ್ಯದುದ್ದಕ್ಕೂ ನೀರೊಯ್ಯಬೇಕು. ಆದುದರಿಂದ ಆ ಮೂಲೆಯ ಮರದ ಬುಡದಲ್ಲಿ ಇಂದು ಬೆಳಿಗ್ಗೆಯೂ ನೀರನ್ನೊಯ್ದ ನಾಳಗಳು, ತಾಯಿಯವರು ಅದಕ್ಕೆ ಕೊಡದಿಂದ ನೀರು ಹಾಕುತ್ತಿದ್ದ ಕಾಲದಲ್ಲಿ ಆದವುಗಳೇ. ಇದು ಕವಿಕಲ್ಪನೆಯಲ್ಲ, ಸಸ್ಯಗಳ ಅಂಗರಚನೆ.

ಇಲ್ಲಿ ಜಗದೀಶಚಂದ್ರ ಬೋಸರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಗಿಡಗಳ ಅತಿಸೂಕ್ಷ್ಮ ಚಲನೆಗಳನ್ನು ಅಳೆಯುವ ಯಂತ್ರಗಳನ್ನು ನಿರ್ಮಿಸಿದ ಅವರು, ೧೯೧೭ರ ನವೆಂಬರ್ ೩೦ರಂದು ಕಲ್ಕತ್ತೆಯಲ್ಲಿ ತಮ್ಮ ಸಂಸ್ಥೆಯನ್ನು ತೆರೆದಾಗ ಅದು ಪ್ರಯೋಗಾಲಯ ಮಾತ್ರವಲ್ಲ, ಮಂದಿರವೂ ಹೌದೆಂದು ಸಾರಿದರು. ಗಿಡದಲ್ಲಿ ನೀರು ಏರುವುದು ಜೀವಕೋಶಗಳ ಮಿಡಿತದಿಂದ, ಎಂದರೆ ಹೃದಯದಂಥ ಕ್ರಿಯೆಯಿಂದ, ಎಂಬುದು ಅವರ ಮತವಾಗಿತ್ತು. ೧೯೨೩ರಲ್ಲಿ ಅದನ್ನು ಗ್ರಂಥವಾಗಿಯೂ ಪ್ರಕಟಿಸಿದರು. ಎಷ್ಟು ಸುಂದರವಾದ ಮತ! ಆದರೆ ಜರ್ಮನಿಯ ಸ್ಟ್ರಾಸ್‌ಬರ್ಗರ್ ಎಂಬವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಎತ್ತರದ ಮರಗಳ ಬುಡವನ್ನು ಕತ್ತರಿಸಿ ವಿಷದ್ರಾವಣದಲ್ಲಿ ನಿಲ್ಲಿಸಿ, ದಾರಿಯಲ್ಲಿನ ಜೀವಕೋಶಗಳೆಲ್ಲ ಸತ್ತರೂ ದ್ರವ ಮೇಲಕ್ಕೆ ಏರುತ್ತಲೇ ಇತ್ತೆಂಬುದನ್ನು ಕಂಡಿದ್ದರು. ನೀರ್ನಾಳಗಳೆಂದರೆ ಸತ್ತ ಜೀವಕೋಶಗಳ ಬರಿದಾದ ಕೊಳವೆಗಳು. ನೀರು ಎಳೆತದಲ್ಲಿದೆಯೆಂಬುದನ್ನು ೧೯೬೫ರಲ್ಲಿ ಶೋಲಾಂಡರ್ ಮತ್ತವರ ಸಂಗಡಿಗರು ಒತ್ತಡದ ಕೋಣೆಯೊಂದರ ಸಹಾಯದಿಂದ ಅನೇಕ ಸಸ್ಯಗಳಲ್ಲಿ ಅಳೆದು ತೋರಿಸಿದರು. ಹೀಗಿರಲಾಗಿ, ಈ ಒಂದು ವಿಷಯದಲ್ಲಿ ಬೋಸರ ಮತವನ್ನು ಕೈಬಿಡಬೇಕಾಯಿತು. ಗಿಡಕ್ಕೆ ಹೃದಯವಿದೆ, ಅದು ನಮ್ಮ ಮಾತನ್ನೂ ಮಂತ್ರವನ್ನೂ ಕೇಳುತ್ತದೆಂದು ನಂಬಿದರೇ ಹಿತ್ತಲು ದೇವಾಲಯವಾದೀತು ಎನ್ನುವವರೊಡನೆ ನಾವು ಒಪ್ಪಲಾರೆವು. ಹೃದಯವಿಲ್ಲದೆ, ಸತ್ತ ಕೊಳವೆಗಳಲ್ಲಿ, ಬಿಸಿಲು ಮತ್ತು ನೀರಿನ ಗುಣಗಳ ಮಾತ್ರದಿಂದ ಇಷ್ಟೆಲ್ಲ ನಡೆಯುತ್ತದೆಂಬುದು ಕೈಮುಗಿಯಲು ಸಾಲದ ಕಾರಣವೇ?

ಹಾಗೆಂದು ಗಿಡ ಪೂರ್ತಿ ಮೂಕವೂ ಅಲ್ಲ. ನೀರಿನ ಕೊರತೆಯಾದಾಗ ನಾಳಗಳೊಳಗಿನ ನೀರಿನ ಎಳೆ ತಾಳಲಾರದೆ ತುಂಡಾಗುತ್ತದೆ. ೧೯೬೬ರಲ್ಲಿ ಮಿಲ್‌ಬರ್ನ್ ಮತ್ತು ಜಾನ್ಸನ್ ಎಂಬವರು ಹರಳುಗಿಡದ ಬಾಡುತ್ತಿರುವ ಎಲೆಗೆ ಸೂಕ್ಷ್ಮವಾದ ಉಪಕರಣವನ್ನು ಹಚ್ಚಿ, ಹಾಗೆ ತುಂಡಾಗುವ ‘ಟಿಕ್’ ಶಬ್ದಗಳನ್ನು ಎಣಿಸಿದರು. ೨೦೨೩ರಲ್ಲಿ ಇಸ್ರೇಲಿನ ಸಂಶೋಧಕರು, ನೀರಿಲ್ಲದ ಟೊಮೆಟೊ ಮತ್ತು ಹೊಗೆಸೊಪ್ಪಿನ ಗಿಡಗಳಿಂದ ಮನುಷ್ಯನ ಕಿವಿಗೆ ನಿಲುಕದ ಶಬ್ದಗಳು ಗಾಳಿಯಲ್ಲಿಯೂ ಹರಡುತ್ತವೆಂದು ಪ್ರಕಟಿಸಿದಾಗ, ಗಿಡಗಳು ಅಳುತ್ತವೆಂದು ಪತ್ರಿಕೆಗಳು ಬರೆದುವು. ಅಳುವುದಲ್ಲ, ಎಳೆ ಹರಿಯುವ ಸದ್ದು. ಆದರೆ ಬಾಡಿದ ತುಳಸಿಯ ಮುಂದೆ ಚೆಂಬು ಹಿಡಿದು ನಿಂತಾಗ ಈ ಸಂಗತಿಯನ್ನು ತಿಳಿದವರ ಕೈ ಸ್ವಲ್ಪ ಬೇಗನೆ ಬಾಗುತ್ತದೆ.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಗಿಡಗಳ ನಡುವೆ ಮನಸ್ಸಿಗೆ ನಿಜವಾಗಿಯೂ ಏನಾದರೂ ಆಗುತ್ತದೆಯೇ? ರೋಜರ್ ಅಲ್ರಿಚ್ ಎಂಬವರು ೧೯೮೪ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಪ್ರಸಿದ್ಧವಾಗಿದೆ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ರೋಗಿಗಳ ೨೩ ಜೋಡಿ. ಪ್ರತಿ ಜೋಡಿಯಲ್ಲಿ ಒಬ್ಬರ ಕಿಟಕಿಗೆ ಮರಗಳು, ಇನ್ನೊಬ್ಬರ ಕಿಟಕಿಗೆ ಇಟ್ಟಿಗೆಯ ಗೋಡೆ. ಮರಗಳನ್ನು ಕಂಡವರು ಸರಾಸರಿ ಮುಕ್ಕಾಲು ದಿನ ಮೊದಲೇ ಮನೆಗೆ ಹೋದರು, ಪ್ರಬಲವಾದ ನೋವುಗುಳಿಗೆಗಳನ್ನೂ ಕಡಿಮೆ ತೆಗೆದುಕೊಂಡರು. ೨೦೧೧ರಲ್ಲಿ ಹಾಲೆಂಡಿನ ವಾನ್ ಡೆನ್ ಬೆರ್ಗ್ ಮತ್ತು ಕಸ್ಟರ್ಸ್ ಎಂಬವರು ಮೂವತ್ತು ಮಂದಿ ಕೈತೋಟದವರಿಗೆ ಮೊದಲು ಮನಸ್ಸನ್ನು ಕಾಡುವ ಒಂದು ಕೆಲಸ ಕೊಟ್ಟು, ಆಮೇಲೆ ಅರ್ಧ ಗಂಟೆ ಕೆಲವರನ್ನು ತೋಟದ ಕೆಲಸಕ್ಕೂ ಕೆಲವರನ್ನು ಒಳಗೆ ಓದಲಿಕ್ಕೂ ಬಿಟ್ಟರು. ಆಯಾಸ ಆತಂಕಗಳಲ್ಲಿ ಹೆಚ್ಚುವ ಕಾರ್ಟಿಸಾಲ್ ಎಂಬ ರಸ ಇಬ್ಬರಲ್ಲಿಯೂ ಇಳಿಯಿತು, ತೋಟದವರಲ್ಲಿ ಹೆಚ್ಚಾಗಿ ಇಳಿಯಿತು. ಆದರೆ ಮೂವತ್ತು ಸಣ್ಣ ಸಂಖ್ಯೆ. ಅವರೆಲ್ಲರೂ ಮೊದಲೇ ತೋಟವನ್ನು ಪ್ರೀತಿಸುವವರು. ಒಂದು ಗುಂಪು ಹೊರಗಿತ್ತು, ಇನ್ನೊಂದು ಒಳಗಿತ್ತು. ನಮ್ಮ ಪ್ರಯೋಗಶಾಲೆಯ ವಿದ್ಯಾರ್ಥಿ ಇಷ್ಟರಿಂದಲೇ ನಿಯಮವನ್ನು ಬರೆದರೆ ನಾವು ಅಂಕ ಕೊಡುವುದಿಲ್ಲ. ಮಣ್ಣಿನ ಒಂದು ಸೂಕ್ಷ್ಮಜೀವಿ ಮನಸ್ಸನ್ನು ಉಲ್ಲಾಸಗೊಳಿಸುತ್ತದೆಂಬ ಸುದ್ದಿಯಂತೂ ಇಲಿಗಳ ಮೇಲಿನ ಪ್ರಯೋಗದಿಂದ ಹುಟ್ಟಿದುದು.

ನಮಗೆ ಹೆಚ್ಚು ಮನಸ್ಸಿಗೆ ಬಂದ ವಿವರಣೆ ಅಮೆರಿಕದ ರೇಚೆಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿಗಳದು. ೧೯೮೯ರ ತಮ್ಮ ಗ್ರಂಥದಲ್ಲಿ ಅವರು ಅದನ್ನು ವಿಸ್ತರಿಸಿದ್ದಾರೆ. ಓದುವುದು, ಲೆಕ್ಕ ಮಾಡುವುದು, ಪರೀಕ್ಷೆ ಬರೆಯುವುದು ಇವಕ್ಕೆಲ್ಲ ಪ್ರಯತ್ನಪೂರ್ವಕವಾದ ಅವಧಾನ ಬೇಕು. ಬೇಡದ ಯೋಚನೆಗಳನ್ನು ತಡೆಹಿಡಿಯುತ್ತ ನಡೆಯಬೇಕಾದ ಈ ಅವಧಾನ ಸ್ನಾಯುವಿನಂತೆ ದಣಿಯುತ್ತದೆ. ಹರಿಯುವ ನೀರು, ಅಲುಗುವ ಎಲೆ, ತುಂಬಿಕೊಳ್ಳುತ್ತಿರುವ ಹನಿ ಇವು ಮನಸ್ಸನ್ನು ಮೆಲ್ಲನೆ, ಬಲವಂತವಿಲ್ಲದೆ ಹಿಡಿಯುತ್ತವೆ. ಆಗ ದಣಿದ ಅವಧಾನಕ್ಕೆ ಬಿಡುವು ಸಿಗುತ್ತದೆ. ಇದಕ್ಕೆ ನಮ್ಮದೊಂದು ಮಾತನ್ನು ಸೇರಿಸಬಹುದು. ದುಃಖವೂ ಒಂದು ದಣಿವೇ. ದುಃಖಿತನ ಮನಸ್ಸು ಇಡೀ ದಿನ ತನ್ನನ್ನೇ ಸುತ್ತುತ್ತಿರುತ್ತದೆ. ಕೆಸುವಿನ ಹನಿಯಾದರೋ ನಮ್ಮ ಸುಖದುಃಖಗಳನ್ನು ವಿಚಾರಿಸುವುದಿಲ್ಲ, ಸಮಾಧಾನವನ್ನೂ ಹೇಳುವುದಿಲ್ಲ. ತನ್ನ ತೂಕ ಮೇಲ್ಮೈ ಎಳೆತವನ್ನು ಮೀರಿದಾಗ ಬೀಳುತ್ತದೆ, ಅಷ್ಟೆ. ನಾವು ಇಲ್ಲದಿದ್ದರೂ ನಡೆಯುವ ಒಂದನ್ನು ನಾವು ಇದ್ದು ನೋಡುವುದು, ನಮಗೆ ತಿಳಿದ ಮಟ್ಟಿಗೆ, ಉಪಾಸನೆಯ ಹತ್ತಿರಕ್ಕೆ ಬರುತ್ತದೆ. ತಾಯಿಯವರು ದಿನವೂ ತುಳಸಿಗೆ ಪ್ರದಕ್ಷಿಣೆ ಬಂದು, ಅದೇ ನಡಿಗೆಯಲ್ಲಿ ಹಿತ್ತಲನ್ನೆಲ್ಲ ಸುತ್ತಿಬರುತ್ತಿದ್ದರು. ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ತೊಡಗುತ್ತಿತ್ತೆಂದು ಹೇಳುವಂತಿರಲಿಲ್ಲ.

ಇದನ್ನು ನಮಗಿಂತ ಚೆನ್ನಾಗಿ ಬಲ್ಲವರು ನಮ್ಮ ಸೀಮೆಯ ದೀವರು. ಆಶ್ವಯುಜದ ಹುಣ್ಣಿಮೆಗೆ ಮಲೆನಾಡಿನಲ್ಲಿ ಭೂಮಿಹುಣ್ಣಿಮೆಯೆಂದು ಹೆಸರು. ಭತ್ತದ ಪೈರು ಹೊಡೆ ತುಂಬಿ ತೆನೆಯಾಗುವ ಆ ಕಾಲದಲ್ಲಿ ಭೂಮಿಯನ್ನು ಗರ್ಭಿಣಿಯೆಂದು ಭಾವಿಸಿ ಬಯಕೆಯ ಊಟವನ್ನು ಬಡಿಸುತ್ತಾರೆ. ದೀವರ ಹೆಣ್ಣುಮಕ್ಕಳು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಿಂದ ಚಿತ್ತಾರ ಬರೆದು ‘ಭೂಮಣ್ಣಿ ಬುಟ್ಟಿ’ಯನ್ನು ಸಿದ್ಧಪಡಿಸುತ್ತಾರೆ. ರಾತ್ರಿಯಿಡೀ ಅಡಿಗೆ ಮಾಡಿ, ಹಲವು ಬಗೆಯ ಸೊಪ್ಪುಗಳನ್ನು ಕಲೆಸಿ ಬೇಯಿಸಿ, ನಸುಕಿನಲ್ಲಿ ಅದನ್ನು ಗದ್ದೆಗೆ ಹೊತ್ತುಕೊಂಡು ಹೋಗಿ ಪೈರಿಗೆ ಬೀರುತ್ತಾರೆ. ಪೈರಿನ ಹೊಡೆ ಉಬ್ಬಿದೆಯೇ ಎಂದು ಎಲೆಯ ಕವಚವನ್ನು ಬೆರಳಿನಿಂದ ಮುಟ್ಟಿ ತಿಳಿಯುವವರಿಗೆ ಮಾತ್ರ ಇಂಥ ಹಬ್ಬ ಹೊಳೆದೀತು.

ವಾಚಕರಿಗೆ ಒಂದು ಎಚ್ಚರಿಕೆಯನ್ನು ಹೇಳದೆ ಮುಗಿಸಿದರೆ ತಪ್ಪಾದೀತು. ಹಿತ್ತಲಿಗೆ ಮುಚ್ಚಿಗೆಯೆಂದು ಕಾಡಿನ ತರಗೆಲೆಗಳನ್ನು ತರುವ ರೂಢಿ ನಮ್ಮಲ್ಲಿದೆ. ೧೯೫೭ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣ್ಣೆಗಳ ಕಡಿತದಿಂದ ಹರಡುತ್ತದೆ. ೨೦೧೮ರ ಕೊನೆಯಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ಮತ್ತೆ ಕಾಣಿಸಿಕೊಂಡು ಜೀವಗಳನ್ನು ಬಲಿ ತೆಗೆದುಕೊಂಡಿತು. ಚಳಿಗಾಲದಿಂದ ಮಳೆಗಾಲದ ಆರಂಭದವರೆಗೆ ಕಾಡಿನ ಎಲೆಗಳಿಗೆ ಕೈ ಹಾಕದಿರುವುದು ಲೇಸು. ಅಡಿಕೆಯ ಸಿಪ್ಪೆ, ಬಾಳೆಯ ಒಣ ಎಲೆ, ಅಂಗಳದ ಕಸ ಇವೇ ಕೈತೋಟಕ್ಕೆ ಧಾರಾಳವಾಗಿ ಸಾಕು.

ಕಳೆದ ತಿಂಗಳು ಆ ವಿದ್ಯಾರ್ಥಿನಿ ಸಾಗರದ ಬಸ್ ನಿಲ್ದಾಣದಲ್ಲಿ ಸಿಕ್ಕಳು, ಈಗ ಬಿ.ಎಸ್ಸಿ. ಓದುತ್ತಿದ್ದಾಳೆ. ಅವಳ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಹೇಳಿ, ಕೆಸುವಿನ ಹನಿಯಿಂದ ಆರಂಭಿಸಿದೆವು. ಅಡಿಕೆಮರದವರೆಗೆ ಬರುವಷ್ಟರಲ್ಲಿ ಅವಳ ಬಸ್ಸು ಬಂದುಬಿಟ್ಟಿತು. ಅಜ್ಜಿ ಹೇಗಿದ್ದಾರೆಂದು ಕೇಳಿದ್ದಕ್ಕೆ, ಮೆಟ್ಟಿಲು ಹತ್ತುತ್ತ, “ಹಿತ್ತಲಲ್ಲಿದ್ದಾರೆ ಸಾರ್” ಎಂದಳು. ಅವರ ಮನೆಯಲ್ಲಿ ಹಳದಿಯ ದೊಡ್ಡ ಡೇರೆ ಇದೆಯೇ ಎಂದು ಕೇಳಬೇಕೆಂದಿದ್ದುದು ಬಸ್ಸು ಹೋದ ಮೇಲೆ ನೆನಪಾಯಿತು. ಮರುವಾರ ಅವಳ ತಮ್ಮನ ಕೈಯಲ್ಲಿ ಒಂದು ಪೊಟ್ಟಣ ಬಂದಿತು. ನಾವು ಕೇಳಿರಲಿಲ್ಲ. ಒಳಗೆ ಮೂರು ಗೆಡ್ಡೆಗಳಿದ್ದುವು, ಬಣ್ಣ ಯಾವುದೆಂದು ಬರೆದಿರಲಿಲ್ಲ. ಪ್ರತಿಯೊಂದಕ್ಕೂ ಕುತ್ತಿಗೆ ಇತ್ತು.